ಮೂವತ್ನಾಲ್ಕನೇ ಮೆಷಿನ್ನಿನ ತಪ್ಪುಗಳು

ಏಪ್ರಿಲ್ 4, ಶನಿವಾರ

ಹನ್ನೊಂದು ದಿನ ಬಿಟ್ಟು ಇವತ್ತು ಕೆಲಸಕ್ಕೆ ಹೋದೆ. ಏಪ್ರನ್ನಿನ ಜೇಬಿನಲ್ಲಿ ಈ ರಫ್ ಪುಸ್ತಕ ಹಾಗೇ ಇತ್ತು. ಎರಡು ಹಾಳೆ ಬರೆದಿದ್ದೆ, ಉಳಿದದ್ದೆಲ್ಲ ಖಾಲಿ. ಸ್ಟೋರಿನವನು ನನ್ನನ್ನು ನೋಡಿದ. ಕೇಳದೆಯೇ ಹೊಸದೊಂದು ರಫ್ ಪುಸ್ತಕ ಕೈಗಿಟ್ಟ. ಹಾಗಾಗಿ ಇದು ಮನೆಗೆ ಬಂತು. ತಲೆಕೆಳಗು ಮಾಡಿ ಹಿಂದಿನಿಂದ ಬರೆಯುತ್ತಿದ್ದೇನೆ. ಮುಂದಿನ ಎರಡು ಹಾಳೆ ಫ್ಯಾಕ್ಟರಿಯವು. ಅವನ್ನು ತೆರೆಯುವುದಿಲ್ಲ.

ಬರೆಯುವುದಕ್ಕೆ ಕಾರಣ ಅಮ್ಮ. "ಅಳೋದೂ ಇಲ್ಲ, ಮಾತಾಡೋದೂ ಇಲ್ಲ. ಕುಕ್ಕರ್‌ಗಾದ್ರೂ ಒಂದು ಸೀಟಿ ಇರುತ್ತೆ" ಅಂದಳು ಬೆಳಿಗ್ಗೆ.

ನನ್ನ ಮೇಜು ಲೈನಿನ ಕೊನೆಯಲ್ಲಿ, ನೇತುಹಾಕಿದ ಶರ್ಟುಗಳ ಹಿಂದೆ. ಅಲ್ಲಿಂದ ಟೈಲರುಗಳು ಯಾರೂ ಕಾಣುವುದಿಲ್ಲ, ಅವರು ಹೊಲಿದದ್ದು ಮಾತ್ರ ಕಾಣುತ್ತದೆ. ನಾನು ಚೆಕರ್, ಶರ್ಟನ್ನು ದೀಪದ ಕೆಳಗೆ ಹಿಡಿದು ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪಿರುವ ಜಾಗಕ್ಕೆ ಕೆಂಪು ಬಾಣದ ಸ್ಟಿಕರ್ ಅಂಟಿಸಿ, ಆ ಮೆಷಿನ್ನಿಗೇ ವಾಪಸ್ ಕಳಿಸುತ್ತೇನೆ. ಯಾವ ಹೊತ್ತಿಗೆ, ಯಾವ ಮೆಷಿನ್ನು, ಏನು ತಪ್ಪು ಎಂದು ರಫ್ ಪುಸ್ತಕದಲ್ಲಿ ಬರೆಯುತ್ತೇನೆ. ಸಂಜೆ ಅದನ್ನೇ ಅಂದವಾಗಿ ಫೇರ್ ಪುಸ್ತಕಕ್ಕೆ ಇಳಿಸುತ್ತೇನೆ. ಒಂಬತ್ತು ವರ್ಷದಿಂದ ಇದೇ.

ತಂಗಿ ಮೂವತ್ನಾಲ್ಕನೇ ಮೆಷಿನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಇವತ್ತು ಅಲ್ಲಿ ಬೇರೊಬ್ಬಳು ಕೂತಿದ್ದಾಳೆ. ಕುರ್ಚಿಯ ಮೇಲೆ ತಂಗಿ ಹೊಲಿದುಕೊಂಡ ದಿಂಬು ಹಾಗೇ ಇದೆ. ಆ ಹುಡುಗಿ ಅದರ ಮೇಲೆ ಕೂರಲು ಹೆದರಿ ತುದಿಯಲ್ಲಿ ಕೂತಿದ್ದಳು. ಕೂರಮ್ಮ, ಏನಾಗಲ್ಲ ಅಂತ ಹೇಳಬೇಕಿತ್ತು.

ಏಪ್ರಿಲ್ 6, ಸೋಮವಾರ

ಆಫೀಸಿಗೆ ಕರೆದರು. ಆಫೀಸ್ ಮೇಡಂ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆ ಕೋಣೆ ಎಷ್ಟು ತಣ್ಣಗಿತ್ತೆಂದರೆ ತೋಳಿನ ಕೂದಲು ನಿಂತವು.

"ನಿಮ್ಮ ತಂಗಿ ತುಂಬಾ ಒಳ್ಳೇ ಹುಡುಗಿ" ಅಂದರು. ಆಮೇಲೆ ಒಂದು ಟೈಪ್ ಮಾಡಿದ ಕಾಗದ ಮುಂದೆ ಸರಿಸಿದರು. "ಇದು ಸುಮ್ನೆ ಒಂದು ಫಾರ್ಮಾಲಿಟಿ. ಓದಿ, ಸಹಿ ಮಾಡಿ."

ಓದಿದೆ. ಮತ್ತೆ ಓದಿದೆ. ಮಾರ್ಚ್ 24ರಂದು ನನ್ನ ತಂಗಿ ಕೆಲಸಕ್ಕೆ ಬಂದಿರಲಿಲ್ಲ, ಮೊದಲಿನಿಂದ ಇದ್ದ ಕಾಯಿಲೆಯಿಂದ ಮನೆಯಲ್ಲೇ ತೀರಿಕೊಂಡಳು ಎಂದಿತ್ತು.

"ಬಂದಿದ್ಲಲ್ಲ ಮೇಡಂ" ಅಂದೆ.

"ಕಾರ್ಡ್ ಪಂಚ್ ಆಗಿಲ್ಲಮ್ಮ. ಮೆಷಿನ್ ಸುಳ್ಳು ಹೇಳುತ್ತಾ?"

"ನಾವಿಬ್ರೂ ಒಟ್ಟಿಗೇ ಬಂದ್ವಿ. ನನ್ ಮುಂದೇನೇ ಪಂಚ್ ಮಾಡಿದ್ಲು."

ಮೇಡಂ ನನ್ನ ಕೈ ಹಿಡಿದುಕೊಂಡರು. "ದುಃಖದಲ್ಲಿ ದಿನಗಳು ಹಿಂದುಮುಂದಾಗ್ತವೆ. ನನಗೂ ನಮ್ಮಪ್ಪ ಹೋದಾಗ ಹಾಗೇ ಆಗಿತ್ತು. ಮನೆಗೆ ತಗೊಂಡು ಹೋಗಿ, ನಿಧಾನಕ್ಕೆ ಯೋಚನೆ ಮಾಡಿ. ನಿಮ್ಮ ಕೆಲಸಕ್ಕೇನೂ ತೊಂದರೆ ಆಗಲ್ಲ."

ಅವರ ಕೈ ಮೆತ್ತಗಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ನಾನು ನಿಜವಾಗಿ ದಿನ ಮರೆತಿದ್ದೇನಾ ಎಂದು ಲೆಕ್ಕ ಹಾಕಿದೆ. ಹಾಕಿದೆ ಅನ್ನುವುದೇ ನಾಚಿಕೆ.

ಏಪ್ರಿಲ್ 7, ಮಂಗಳವಾರ

ಸಹಿ ಹಾಕಿಬಿಡೋಣ ಅನ್ನಿಸುತ್ತದೆ. ಕಾಗದದಲ್ಲಿ ಏನಾದರೂ ಬರೆದುಕೊಳ್ಳಲಿ. ಬಂದಿದ್ದಳು ಎಂದು ಬರೆದರೆ ವಾಪಸ್ ಬರುತ್ತಾಳೆಯೇ. ನನಗೂ ಅಮ್ಮನಿಗೂ ಈಗ ಇರುವುದು ಈ ಒಂದು ಕೆಲಸ. ಅಮ್ಮನಿಗೆ ಹೇಳಿಲ್ಲ. ನಾಡಿದ್ದು ಹಾಕಿ ಕೊಟ್ಟುಬಿಡುತ್ತೇನೆ.

ಏಪ್ರಿಲ್ 9, ಗುರುವಾರ

ಅಮ್ಮನಿಗೆ ಕಾಗದ ಸಿಕ್ಕಿಬಿಟ್ಟಿದೆ. ನಾನು ಮನೆಯಲ್ಲಿ ಬಿಟ್ಟಿದ್ದ ಏಪ್ರನ್ ಒಗೆಯಲು ತೆಗೆದಳಂತೆ, ಅದರ ಜೇಬಿನಲ್ಲಿತ್ತು. ಅಮ್ಮನಿಗೆ ಓದು ನಿಧಾನ, ಆದರೆ ಗಟ್ಟಿ. ನಾನು ಬರುವಷ್ಟರಲ್ಲಿ ಪೂರ್ತಿ ಓದಿ, ಮಡಚಿ, ಅಕ್ಕಿ ಡಬ್ಬದ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಯಾರಿದನ್ನ ಬರೆದಿದ್ದು?"

"ಆಫೀಸಿನೋರು."

"ಅವರಿಗೆ ಹೇಳು, ಕತೆ ಚೆನ್ನಾಗಿದೆ ಅಂತ. ಸಣ್ಣವಳು ಮನೇಲೇ ಇದ್ಲಂತೆ. ಹಾಗಾದ್ರೆ ಅವತ್ತು ನಾಲ್ಕು ಗಂಟೆಗೆ ಗೇಟಿನವನೂ ಡ್ರೈವರೂ ರಟ್ಟಿನ ಡಬ್ಬ ಸಾಗಿಸೋ ವ್ಯಾನಲ್ಲಿ ತಂದು ಇದೇ ಬಾಗಿಲಲ್ಲಿ ಇಳಿಸಿ ಹೋಗಿದ್ದು ಯಾರನ್ನ?"

ಅಮ್ಮ ಇಷ್ಟು ದಿನ ಇದನ್ನು ನನಗೆ ಬಿಡಿಸಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವತ್ತು ಸಂಜೆ ಗೇಟಿನಲ್ಲಿ ತಂಗಿ ಕಾಣದೆ, ಮುಂದೆ ಹೋಗಿರಬೇಕು ಅಂದುಕೊಂಡು ನಾನು ಆರೂವರೆಗೆ ಮನೆಗೆ ಬಂದಾಗ ಬೀಗ ಹಾಕಿತ್ತು. ಆಸ್ಪತ್ರೆಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವತ್ತು ಅಮ್ಮ ಹೇಳಿದಳು. ಮೈ ಕಾದ ಹೆಂಚಿನ ಹಾಗಿತ್ತಂತೆ. ತಲೆಯ ಮೇಲೆ ಫ್ಯಾಕ್ಟರಿಯ ಬಿಳಿ ಟೋಪಿ ಹಾಗೇ ಇತ್ತಂತೆ. "ಜಾಸ್ತಿ ಬಿಸಿಲಲ್ವಾ, ತಲೆ ಸುತ್ತು ಬಂದಿದೆ, ನೀರು ಕುಡಿಸಿ" ಅಂತ ಹೇಳಿ ಹೋದರಂತೆ. ಕುಡಿಸಲು ಹೋದರೆ ಬಾಯಿ ತೆರೆಯಲಿಲ್ಲವಂತೆ.

ಆಮೇಲೆ ಅಮ್ಮ ಎದ್ದು ಹೋಗಿ ತಂಗಿ ಅವತ್ತು ತೊಟ್ಟಿದ್ದ ಅಂಗಿ ತಂದಳು. ಅದನ್ನು ಒಗೆದೇ ಇಲ್ಲ.

"ಇದೊಂದು ಕೇಳ್ಬೇಕಿತ್ತು ನಿನ್ನ. ಇದೇನಿದು, ತೋಳಿಗೆಲ್ಲ ಅಂಟಿಸ್ಕೊಂಡಿದಾಳೆ? ಕೆಂಪು ಬಾಣ?"

ಅವು ನನ್ನವು. ವಾಪಸ್ ಬಂದ ಶರ್ಟಿನಿಂದ ಬಾಣ ಕಿತ್ತು, ಬಿಸಾಡದೆ ತೋಳಿಗೆ ಅಂಟಿಸಿಕೊಳ್ಳುವುದು ಅವಳ ಅಭ್ಯಾಸ. ಊಟದ ಹೊತ್ತಿಗೆ ಬಂದು ತೋಳು ತೋರಿಸಿ, "ನೋಡಕ್ಕಾ, ಇವತ್ತು ಎರಡು ಪದಕ ಕೊಟ್ಟಿದೀಯ" ಅನ್ನುತ್ತಿದ್ದಳು.

ಎರಡಲ್ಲ. ಸಾಲಾಗಿ ಹತ್ತು ಇದ್ದವು.

"ಏನೇ ಅದು?" ಅಂತ ಅಮ್ಮ ಮತ್ತೆ ಕೇಳಿದಳು.

"ಏನಿಲ್ಲ. ಆಟ" ಅಂದೆ.

ಏಪ್ರಿಲ್ 11, ಶನಿವಾರ

ಕಾಗದ ಇನ್ನೂ ಕೊಟ್ಟಿಲ್ಲ. ಅಮ್ಮ ಅಕ್ಕಿ ಡಬ್ಬದೊಳಗೆ ಹಾಕಿಟ್ಟಿದ್ದಾಳೆ. ಮೇಡಂ ಕೇಳಿದರೆ ಏನು ಹೇಳುವುದು? ಅನ್ನದಲ್ಲಿ ಬೆಂದುಹೋಯಿತು ಅನ್ನಲೇ.

ಊಟದ ಹೊತ್ತಿನಲ್ಲಿ ಗುಂಡಿ ಅಕ್ಕನನ್ನು ಹುಡುಕಿಕೊಂಡು ಹೋದೆ. ಅವಳದು ಗುಂಡಿ ಹಾಕುವ ಮೆಷಿನ್ನು, ತಂಗಿಯ ಬೆನ್ನ ಹಿಂದಿನ ಸಾಲು. ನಾನು ಕೆಲಸಕ್ಕೆ ವಾಪಸ್ ಬಂದಾಗಿನಿಂದ ಅವಳು ನನ್ನ ಮುಖ ನೋಡುತ್ತಿಲ್ಲ. ದುಃಖಕ್ಕೆ ಇರಬೇಕು ಅಂದುಕೊಂಡಿದ್ದೆ.

"ಅವತ್ತು ಏನಾಯ್ತು, ಹೇಳು" ಅಂದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು. "ಫ್ಯಾನ್ ಆರಿಸಿದ್ರಲ್ಲ" ಅಂದಳು.

ಅದು ನನಗೂ ಗೊತ್ತು. ಬಿಳಿ ಶರ್ಟಿನ ಆರ್ಡರ್ ಬಂದರೆ ಫ್ಯಾನ್ ಆರಿಸುತ್ತಾರೆ. ಗಾಳಿಗೆ ಬಣ್ಣದ ದಾರದ ಧೂಳು ಹಾರಿ ಬಿಳಿಯ ಮೇಲೆ ಕೂರುತ್ತದೆ. ಕಿಟಕಿಗೂ ಪ್ಲಾಸ್ಟಿಕ್ ಹೊಡೆಯುತ್ತಾರೆ. ಪ್ರತಿ ಸಲ ಎರಡು ದಿನ ಇರುವ ಆರ್ಡರ್ ಈ ಸಲ ಹದಿನಾರು ದಿನ ಇತ್ತು.

"ಮನೆಗೆ ಹೋಗ್ತೀನಿ ಅಂತ ಮೂರು ಸಲ ಗೇಟ್ ಪಾಸ್ ಕೇಳಿದ್ಲು. ಮೊದಲನೇ ಸಲ ಗಡಿಯಾರ ನಕ್ಕ. ಎರಡನೇ ಸಲ, ಬಂಡಲ್ ಮುಗಿಸಿ ಹೋಗು ಅಂದ. ಮೂರನೇ ಸಲ ಅವಳಿಗೆ ಎದ್ದು ನಿಲ್ಲೋಕೇ ಆಗ್ಲಿಲ್ಲ, ಕೂತ್ಕೊಂಡೇ ಕೈ ಎತ್ತಿದ್ಲು. ಸ್ಕೂಲಲ್ಲಿ ಎತ್ತುತಾರಲ್ಲ, ಹಾಗೆ." ಗಡಿಯಾರ ಎಂದರೆ ನಮ್ಮ ಲೈನಿನ ಸೂಪರ್‌ವೈಸರ್. ಗಂಟೆಗೊಮ್ಮೆ ಬರುತ್ತಾನೆಂದು ನಾವಿಟ್ಟ ಹೆಸರು. "ಆಮೇಲೆ ಮೆಷಿನ್ ಮೇಲೇ ಬಿದ್ಲು. ಪ್ಯಾಕಿಂಗ್ ರೂಮಿಗೆ ಎತ್ಕೊಂಡು ಹೋಗಿ ರಟ್ಟಿನ ಮೇಲೆ ಮಲಗಿಸಿದ್ರು. ಒಂದು ಗಂಟೆ."

"ನನ್ನ ಯಾಕೆ ಕರೀಲಿಲ್ಲ?"

"ಚೆಕರ್ ಎದ್ದು ಬಂದ್ರೆ ಲೈನೇ ನಿಲ್ಲುತ್ತೆ, ಬಾಯಿ ಮುಚ್ಕೊಂಡು ಕೂತ್ಕೊ ಅಂದ."

ಮೂವತ್ತು ಹೆಜ್ಜೆ. ಇವತ್ತು ನಡೆದು ನೋಡಿದೆ. ನನ್ನ ಮೇಜಿನಿಂದ ಅವಳ ಮೆಷಿನ್ನಿಗೆ ಮೂವತ್ತೇ ಹೆಜ್ಜೆ.

"ಇದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀಯಾ?" ಅಂದೆ.

ಗುಂಡಿ ಅಕ್ಕ ಆಗ ನನ್ನ ಮುಖ ನೋಡಿದಳು. "ನಾನು ಸಹಿ ಹಾಕ್ಬಿಟ್ಟಿದೀನಿ ಕಣೇ. ಅವತ್ತು ಅವಳು ಬಂದಿರ್ಲಿಲ್ಲ ಅಂತ. ನಮ್ಮ ಸಾಲಿನ ಹನ್ನೆರಡು ಜನಾನೂ ಹಾಕಿದೀವಿ."

ಊಟ ಮಾಡಲಿಲ್ಲ. ಮಧ್ಯಾಹ್ನ ಎಲ್ಲರೂ ಎಂದಿನಂತೆ ಹೊಲಿದರು, ನಾನೂ ಎಂದಿನಂತೆ ಬಾಣ ಅಂಟಿಸಿದೆ. ಹನ್ನೆರಡು ಜನ. ಅವಳು ಅವರಿಗೆಲ್ಲ ಅರಿಶಿನ ಬಣ್ಣದ ಬಟ್ಟೆಚೂರಿನಲ್ಲಿ ಕತ್ತರಿ ಇಡುವ ಚೀಲ ಹೊಲಿದುಕೊಟ್ಟಿದ್ದಳು. ಈಗಲೂ ಹನ್ನೆರಡು ಕೊರಳಲ್ಲೂ ಅದೇ ನೇತಾಡುತ್ತಿದೆ.

ಏಪ್ರಿಲ್ 12, ಭಾನುವಾರ

ಅಮ್ಮ ನನ್ನನ್ನು ಛತ್ರಿಯ ಮನೆಗೆ ಎಳೆದುಕೊಂಡು ಹೋದಳು. ಛತ್ರಿ ನಮ್ಮ ಫ್ಯಾಕ್ಟರಿಯಲ್ಲೇ ಟೈಲರ್ ಆಗಿದ್ದವಳು. ಕುಡಿಯುವ ನೀರು ಕೇಳಿದಳೆಂದು ತೆಗೆದುಹಾಕಿದರು. ಈಗ ಕಾರ್ಮಿಕರ ಸಂಘದಲ್ಲಿದ್ದಾಳೆ. ದಿನಾ ಸಂಜೆ ಗೇಟಿನ ಎದುರು ಬಿಸಿಲಿಗೆ ಕೊಡೆ ಹಿಡಿದು ನಿಂತು ಚೀಟಿ ಹಂಚುತ್ತಾಳೆ. ಗಡಿಯಾರ ಅವಳನ್ನು ಬೈದದ್ದು ಛತ್ರಿ ಅಂತ. ನಾವು ಅದನ್ನೇ ಪ್ರೀತಿಯಿಂದ ಕರೆಯುತ್ತೇವೆ. ಅವಳಿಗೂ ಬೇಜಾರಿಲ್ಲ. ನಾನು ಮಾತ್ರ ಇಷ್ಟು ವರ್ಷ ಅವಳ ಚೀಟಿ ತೆಗೆದುಕೊಂಡವಳಲ್ಲ.

"ಬಾರಮ್ಮ. ನಿನ್ನ ತಂಗಿ ಪ್ರತಿ ಸಲ ಎರಡು ತಗೋತಿದ್ಲು. ನಮ್ಮಕ್ಕಂಗೆ ಒಂದು ಅಂತ" ಅಂದಳು.

ತಂಗಿ ನನಗೆ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ನಾನು ಹೆದರುತ್ತೇನೆಂದು ಗೊತ್ತಿತ್ತು.

ಸಂಘದವರು ಆಗಲೇ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾರೆ. 22ಕ್ಕೆ ವಿಚಾರಣೆ.

"ಅವಳು ಬಂದಿರ್ಲಿಲ್ಲ ಅಂತಾದ್ರೆ ಅಲ್ಲಿಗೆ ಮುಗೀತು" ಅಂದಳು ಛತ್ರಿ. "ಫ್ಯಾನ್ ಯಾರೂ ಆರಿಸ್ಲಿಲ್ಲ, ಪಾಸ್ ಯಾರೂ ಕೇಳ್ಲಿಲ್ಲ, ಯಾರೂ ಬೀಳ್ಲಿಲ್ಲ. ಮುಂದಿನ ಬಿಳಿ ಆರ್ಡರ್‌ಗೆ ಮತ್ತೆ ಆರಿಸ್ತಾರೆ. ಅವಳು ಅವತ್ತು ಮೆಷಿನ್ ಮುಂದೆ ಕೂತಿದ್ಲು ಅನ್ನೋಕೆ ಫ್ಯಾಕ್ಟರಿಯೊಳಗೇ ಬರೆದಿದ್ದು ಒಂದಾದ್ರೂ ಬೇಕು. ಬಾಯಿಮಾತು ನಡೆಯಲ್ಲ. ನೀನು ಅಕ್ಕ, ಹೇಳೇ ಹೇಳ್ತೀಯ ಅಂತಾರೆ."

"ಫೇರ್ ಪುಸ್ತಕ ಇದೆಯಲ್ಲ" ಅಂದೆ. ಬಾಯಿಂದ ತಾನಾಗೇ ಬಂತು. "ಅವತ್ತಿಂದು ನಾನೇ ಬರೆದಿದೀನಿ. ಫ್ಯಾಕ್ಟರಿ ಬೀರುವಿನಲ್ಲಿದೆ."

ದಾರಿಯಲ್ಲಿ ಅಮ್ಮ ಕೇಳಿದಳು, "ಅದರಲ್ಲಿ ಏನು ಬರೆದಿರ್ತೀಯ ಅವಳ ಬಗ್ಗೆ?"

ಬೇಗ ಬೇಗ ಹೆಜ್ಜೆ ಹಾಕಿದೆ.

ಏಪ್ರಿಲ್ 13, ಸೋಮವಾರ

ಬೀರುವಿನಲ್ಲಿ ಮಾರ್ಚ್ ಪುಸ್ತಕ ಇತ್ತು. ಸದ್ಯ ಎಂದುಕೊಂಡು ತೆರೆದೆ.

24ನೇ ತಾರೀಖು. 34 — ಮೆಷಿನ್ ರಿಪೇರಿ. ದಿನವಿಡೀ ಅಷ್ಟೇ.

ಅಕ್ಷರ ನನ್ನದು. ನನ್ನ ಹಾಗೇ ದುಂಡಗೆ, ನನ್ನ ಹಾಗೇ ಎಡಕ್ಕೆ ವಾಲಿದೆ. ಒಂದು ಗಳಿಗೆ ಮೇಡಂ ಹೇಳಿದ್ದೇ ನಿಜ, ನನ್ನ ತಲೆ ಕೆಟ್ಟಿದೆ ಅನ್ನಿಸಿತು. ಕೂತುಬಿಟ್ಟೆ. ಆಮೇಲೆ ಚೆಕರ್ ನೋಡುವ ಹಾಗೆ ನೋಡಿದೆ, ಪುಟವನ್ನು ದೀಪದ ಕೆಳಗೆ ಹಿಡಿದು. ನನ್ನ ಸ್ಕೇಲಿನ ಅಂಚು ಒಂದು ಕಡೆ ಮುಕ್ಕಾಗಿದೆ. ನಾನು ಗೆರೆ ಎಳೆದರೆ ಆ ಜಾಗದಲ್ಲಿ ಪೆನ್ನು ಒಳಗೆ ಜಾರಿ ಸಣ್ಣ ಸೊಟ್ಟ ಬೀಳುತ್ತದೆ. ಈ ಪುಸ್ತಕದ ಗೆರೆಗಳೆಲ್ಲ ನೆಟ್ಟಗಿವೆ, ನಾನು ಬರೆದ ದಿನಗಳಲ್ಲೂ, ಒಂದನೇ ತಾರೀಖಿನಿಂದ ಇಪ್ಪತ್ನಾಲ್ಕರವರೆಗೆ. ಯಾರೋ ಕೂತು ನನ್ನ ಇಡೀ ತಿಂಗಳನ್ನು ಮತ್ತೆ ಬರೆದಿದ್ದಾರೆ. ನಾನು ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಾಗ.

ತಂಗಿಯನ್ನು ಇಲ್ಲ ಅನ್ನಿಸುವುದಕ್ಕೆ ನನ್ನ ಅಕ್ಷರವನ್ನೇ ಕದ್ದಿದ್ದಾರೆ.

ಇಷ್ಟು ಬರೆದು ಪುಟ ತಿರುಗಿಸುವಾಗ ಕೈ ನಿಂತಿತು.

ಫೇರ್ ಹೋಯಿತು. ರಫ್ ಎಲ್ಲಿದೆ?

ರಫ್ ನನ್ನ ಕೈಯಲ್ಲೇ ಇದೆ. ಹತ್ತು ದಿನದಿಂದ ಇದರಲ್ಲೇ ಬರೆಯುತ್ತಿದ್ದೇನೆ.

ಏಪ್ರಿಲ್ 15, ಬುಧವಾರ

ತೆರೆಯಲಿಲ್ಲ.

ಏಪ್ರಿಲ್ 16, ಗುರುವಾರ

ಇವತ್ತೂ ಇಲ್ಲ. ಅಮ್ಮ ಏನೂ ಕೇಳಲಿಲ್ಲ. ಅವಳು ಕೇಳದಿದ್ದರೆ ಭಯವಾಗುತ್ತದೆ.

ಏಪ್ರಿಲ್ 17, ಶುಕ್ರವಾರ

ಕೆಲಸದಿಂದ ಬಂದವಳೇ ಕೈಕಾಲು ತೊಳೆದು, ಕಿಟಕಿ ಹತ್ತಿರ ಕೂತು, ಪುಸ್ತಕವನ್ನು ನೆಟ್ಟಗೆ ಮಾಡಿ ತೆರೆದೆ. ಮೊದಲ ಪುಟದಲ್ಲಿ ಸ್ಟೋರಿನ ಮುದ್ರೆ, ಮಾರ್ಚ್ 23. ಮೊದಲನೇ ಹಾಳೆ ಸೋಮವಾರದ್ದು. ಎರಡನೇ ಹಾಳೆ ಮಂಗಳವಾರದ್ದು. ಅದರಲ್ಲಿ ಅವಳ ಮೆಷಿನ್ನಿನ ಸಾಲುಗಳನ್ನಷ್ಟೇ ಇಲ್ಲಿ ಇಳಿಸುತ್ತೇನೆ. ಫೇರ್ ಮಾಡುವುದು ನನ್ನ ಕೆಲಸವಲ್ಲವೇ.

9.40 — 34 — ಕಾಲರ್ ತುದಿ ಸೊಟ್ಟ — 1
10.25 — 34 — ಕಾಲರ್ ತುದಿ ಸೊಟ್ಟ — 2
11.30 — 34 — ಹೊಲಿಗೆ ಬಿಟ್ಟಿದೆ — 1
12.10 — 34 — ಹೊಲಿಗೆ ಬಿಟ್ಟಿದೆ — 2
1.45 — 34 — ಕಾಲರ್ ತಿರುವುಮುರುವು — 2
2.15 — 34 — ಬೆವರಿನ ಕಲೆ — 2
2.40 — 34 — ಹೊಲಿಗೆ ಅರ್ಧಕ್ಕೆ ನಿಂತಿದೆ — 1
3.15 — 34 — ಸರಿ

ಏಳು ವರ್ಷದಲ್ಲಿ ಅವಳ ಕಾಲರ್ ದಿನಕ್ಕೆ ಎರಡಕ್ಕಿಂತ ಹೆಚ್ಚು ವಾಪಸ್ ಹೋದದ್ದಿಲ್ಲ. ಅವತ್ತು ಹನ್ನೊಂದು. ಅವಳ ಕೈ ನಡುಗುತ್ತಿದೆ ಎಂದು ಬೆಳಿಗ್ಗೆ ಒಂಬತ್ತು ನಲವತ್ತಕ್ಕೇ ಬಟ್ಟೆ ನನಗೆ ಹೇಳಿದೆ. ಹತ್ತು ಇಪ್ಪತ್ತೈದಕ್ಕೆ ಹೇಳಿದೆ. ಹನ್ನೊಂದೂವರೆಗೆ ಹೇಳಿದೆ. ನಾನು ಅದನ್ನೆಲ್ಲ ಬರೆದುಕೊಂಡಿದ್ದೇನೆ. ದುಂಡಗೆ.

ಬೆವರಿನ ಕಲೆ ಎಂದೂ ಬರೆದಿದ್ದೇನೆ. ಯಾರ ಬೆವರು ಎಂದು ಯೋಚಿಸದೆ, ಬಾಣ ಅಂಟಿಸಿ ಅವಳಿಗೇ ಕಳಿಸಿದ್ದೇನೆ.

ಊಟದ ಹೊತ್ತಿಗೆ ಅವಳು ಬಂದು ಪಕ್ಕದಲ್ಲಿ ಕೂತಳು. ಪದಕ ತೋರಿಸಲಿಲ್ಲ, ಡಬ್ಬಿಯನ್ನೂ ತೆರೆಯಲಿಲ್ಲ. ನಾನೇ ಅಂದೆ, "ಕಣ್ಣು ಎಲ್ಲಿಟ್ಕೊಂಡು ಹೊಲೀತಿದೀಯ? ಬೆಳಿಗ್ಗೆಯಿಂದ ಆರು. ನನ್ನ ಮರ್ಯಾದೆ ತೆಗೀತೀಯ." ಅವಳು, "ಸರಿ ಮಾಡ್ತೀನಿ ಬಿಡಕ್ಕಾ" ಅಂದಳು. ನಮ್ಮಿಬ್ಬರ ನಡುವಿನ ಕೊನೇ ಮಾತು ಅದೇ. ಇದನ್ನು ಯಾರಿಗೂ ಹೇಳಿಲ್ಲ.

ಹತ್ತು ಬಾಣ ಅವಳ ತೋಳಿನ ಮೇಲಿವೆ. ಹನ್ನೊಂದನೆಯದು 2.40ರ ಅರ್ಧ ಹೊಲಿದ ಶರ್ಟು. ಅದು ವಾಪಸ್ ಹೋಗುವಷ್ಟರಲ್ಲಿ ಅವಳು ರಟ್ಟಿನ ಮೇಲಿದ್ದಳು. ಬೇರೆ ಯಾರನ್ನೋ ಕೂರಿಸಿ ಹೊಲಿಸಿದ್ದಾರೆ. 3.15ಕ್ಕೆ ನನ್ನ ದೀಪದ ಕೆಳಗೆ ಮತ್ತೆ ಬಂದಿದೆ. ನಾನು ತುದಿ ನೋಡಿದ್ದೇನೆ, ಹೊಲಿಗೆ ಎಣಿಸಿದ್ದೇನೆ, ಸರಿ ಎಂದು ಬರೆದಿದ್ದೇನೆ. ಅಬ್ಬ, ಸದ್ಯ, ಇವಳ ಕೈ ಸುಧಾರಿಸಿತು ಅಂದುಕೊಂಡದ್ದೂ ನೆನಪಿದೆ.

ಆ ಸಾಲಿನ ಪಕ್ಕದಲ್ಲಿ ಗಡಿಯಾರದ ಸಣ್ಣ ಸಹಿ ಇದೆ. ಗಂಟೆಗೊಂದು ಸಹಿ ಹಾಕುತ್ತಾನೆ. ಆ ಪುಟದಲ್ಲಿ ಆರು ಇವೆ.

ಏಪ್ರಿಲ್ 19, ಭಾನುವಾರ

ಛತ್ರಿಗೆ ಪುಸ್ತಕ ತೋರಿಸಿದೆ, ಮುಂದಿನ ಹಾಳೆ ಮಾತ್ರ. ಅವಳು ಮುದ್ರೆಯ ಮೇಲೆ ಬೆರಳಿಟ್ಟಳು, ಸಹಿಗಳ ಮೇಲೆ ಬೆರಳಿಟ್ಟಳು. ಮೊದಲನೇ ಬಾರಿ ಅವಳು ಅತ್ತದ್ದು ನೋಡಿದೆ.

"ಆ ಹಾಳೆ ಹರಿದು ಕೊಡ್ತೀನಿ" ಅಂದೆ.

"ಹರಿದ ಹಾಳೆ ನಡೆಯಲ್ಲಮ್ಮ. ಎಲ್ಲೋ ಕೂತು ಬರ್ಕೊಂಡು ಬಂದಿದಾಳೆ ಅಂತಾರೆ. ಪುಸ್ತಕ ಇಡೀ ಕೊಡ್ಬೇಕು. ಯಾಕೆ, ಹಿಂದೆ ಏನಿದೆ?"

"ನನ್ನದು ಸ್ವಲ್ಪ ಬರೆದಿದೀನಿ."

"ಓದ್ತಾರೆ" ಅಂದಳು. "ಅವರ ಕಡೆಯೋರೂ ಓದ್ತಾರೆ. ನಂಗೂ ಗೊತ್ತಿಲ್ಲ ಏನು ಹೇಳ್ಬೇಕು ಅಂತ."

ಮನೆಗೆ ಬಂದು ನನ್ನವೇ ಹಾಳೆಗಳನ್ನಾದರೂ ಕಿತ್ತುಬಿಡೋಣ ಎಂದುಕೊಂಡೆ. ಎಲ್ಲ ಬೇಡ, ಆ ಏಳನೇ ತಾರೀಖಿನದು ಒಂದು. ಸಹಿ ಹಾಕಿಬಿಡೋಣ ಎಂದು ಬರೆದಿದ್ದೇನಲ್ಲ, ಅದು. ಹಿಂದಿನಿಂದ ಎರಡನೇ ಹಾಳೆ. ಮೆಲ್ಲಗೆ ಎಳೆದೆ. ಮುಂದಿನ ಕಡೆಯಲ್ಲಿ ಇನ್ನೊಂದು ಹಾಳೆ ಅಲುಗಿತು.

ನಡುವೆ ದಾರ ಹಾಕಿ ಹೊಲಿದ ಪುಸ್ತಕ ಇದು. ಹಿಂದಿನಿಂದ ಎರಡನೆಯದು, ಮುಂದಿನಿಂದ ಎರಡನೆಯದು, ಎರಡೂ ಒಂದೇ ಹಾಳೆ. ಮಡಿಕೆಯ ಆ ಕಡೆ ಮಾರ್ಚ್ 24, ಈ ಕಡೆ ನನ್ನ ಏಪ್ರಿಲ್ 7. ಇದನ್ನು ಕಿತ್ತರೆ ಅದೂ ಬರುತ್ತದೆ. ಒಂಬತ್ತು ವರ್ಷ ಹೊಲಿಗೆ ನೋಡಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಅಮ್ಮ ಹಿಂದೆ ಬಂದು ನಿಂತಿದ್ದಳು. "ಏನು ಬರೆದಿದೀಯ ಅಂಥದ್ದು?"

"ನಿನ್ನ ಬಗ್ಗೆನೂ ಬರೆದಿದೀನಿ. ಕುಕ್ಕರ್ ಅಂದಿದ್ದು."

"ಬರ್ಕೊ. ಸರ್ಕಾರದೋರು ಓದ್ಲಿ." ಆಮೇಲೆ ದನಿ ತಗ್ಗಿಸಿ, "ಅವಳಿಗೆ ಬೈದಿದ್ದು ಬರೆದಿದೀಯ?" ಅಂದಳು.

ನಾನು ಅಮ್ಮನ ಮುಖ ನೋಡಿದೆ.

"ನಿಂಗೆ ಆ ಬಾಣ ತೋರಿಸಿದಾಗ್ಲೇ ಗೊತ್ತಾಯ್ತು ಕಣೇ. ನಾನು ನಿನ್ನ ಹೆತ್ತಿಲ್ವಾ" ಅಂದು ಒಲೆ ಕಡೆ ಹೋದಳು. ಒಲೆ ಹಚ್ಚಿರಲಿಲ್ಲ. ಸುಮ್ಮನೆ ಅದರ ಮುಂದೆ ನಿಂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಏಪ್ರಿಲ್ 20, ಸೋಮವಾರ

ಗಡಿಯಾರ ಮೇಜಿನ ಹತ್ತಿರ ಬಂದ. ಗಂಟೆ ಆಗಿರಲಿಲ್ಲ.

"ಮಾರ್ಚ್ ತಿಂಗಳ ರಫ್ ಪುಸ್ತಕ ಎಲ್ಲಾ ಸ್ಟೋರಿಗೆ ಕೊಡ್ಬೇಕಂತೆ. ನಿಂದೊಂದು ಕಮ್ಮಿ ಇದೆ."

"ಯಾವುದು ಸಾರ್?"

"23ಕ್ಕೆ ತಗೊಂಡಿದ್ದು."

ಪುಸ್ತಕ ಆಗ ನನ್ನ ಊಟದ ಡಬ್ಬಿಯ ಚೀಲದಲ್ಲಿತ್ತು, ಅವನ ಮೊಣಕಾಲಿನಿಂದ ಒಂದು ಗೇಣು ದೂರ. ಮನೆಯಲ್ಲಿಟ್ಟರೆ ಅಮ್ಮ ಅಕ್ಕಿಯೊಳಗೆ ಹಾಕುತ್ತಾಳೆಂದು ಜೊತೆಗೇ ತರುತ್ತಿದ್ದೇನೆ.

"ಅವತ್ತಿನ ಗಲಾಟೇಲಿ ಎಲ್ಲಿ ಹೋಯ್ತೋ ಸಾರ್" ಅಂದೆ.

"ಯಾವತ್ತಿನ ಗಲಾಟೆ?"

"ನೀವೇ ಹೇಳಿ, ಯಾವತ್ತು ಗಲಾಟೆ ಆಗಿತ್ತು?"

ಅವನು ಅಕ್ಕಪಕ್ಕ ನೋಡಿದ. ಹಣೆಯ ಮೇಲೆ ಬೆವರಿತ್ತು. ಫ್ಯಾನುಗಳು ತಿರುಗುತ್ತಿದ್ದವು, ಈಗ ನೀಲಿ ಶರ್ಟಿನ ಆರ್ಡರ್. "ನಂಗೂ ಮೇಲಿನವರಿದಾರೆ ಕಣಮ್ಮ" ಅಂದ. "ನಾನು ಪಾಸ್ ಕೊಟ್ಟಿದ್ರೆ, ಮಾರನೇ ದಿನ ನಂಗೇ ಪಾಸ್ ಕೊಡ್ತಿದ್ರು."

ನಾನು ಒಂದು ಶರ್ಟು ಎತ್ತಿ ದೀಪಕ್ಕೆ ಹಿಡಿದೆ. ಅವನು ಹೋದ ಮೇಲೆ ನೋಡಿದರೆ ಕೈಯಲ್ಲಿದ್ದ ಬಾಣವನ್ನು ಶರ್ಟಿಗಲ್ಲ, ನನ್ನ ತೋಳಿಗೆ ಅಂಟಿಸಿಕೊಂಡಿದ್ದೆ. ಯಾವಾಗ ಅಂಟಿಸಿಕೊಂಡೆನೋ.

ಸಂಜೆ ಆಫೀಸ್ ಮೇಡಂ ಮೆಟ್ಟಿಲ ಹತ್ತಿರ ಸಿಕ್ಕಿ ಕಾಗದ ಕೇಳಿದರು.

"ಸಹಿ ಹಾಕಲ್ಲ ಮೇಡಂ. ದಿನ ಯಾವುದು ಅಂತ ನೆನಪಾಯ್ತು."

ಅವರು ಈ ಸಲ ಕೈ ಹಿಡಿಯಲಿಲ್ಲ.

ಏಪ್ರಿಲ್ 21, ಮಂಗಳವಾರ

ಬೆಳಿಗ್ಗೆ ಗೇಟಿನಲ್ಲಿ ನನ್ನ ಕಾರ್ಡ್ ಪಂಚ್ ಆಗಲಿಲ್ಲ. ಎರಡು ಸಲ ಹಿಡಿದೆ. "ನಿಮ್ದು ಸಿಸ್ಟಮ್ಮಲ್ಲಿ ಇಲ್ಲ" ಅಂದ ಗೇಟಿನವನು, ನನ್ನ ಚಪ್ಪಲಿ ನೋಡುತ್ತಾ. ತಂಗಿಯನ್ನು ವ್ಯಾನಿನಿಂದ ಇಳಿಸಿದವನು ಇವನೇ.

ಇಲ್ಲ ಅನ್ನಿಸುವುದು ಇಷ್ಟು ಸುಲಭ. ಒಂದು ನಿಮಿಷವೂ ಬೇಕಾಗುವುದಿಲ್ಲ.

ಮನೆಗೆ ನಡೆದುಕೊಂಡು ಬಂದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಅಮ್ಮ, "ಇಷ್ಟು ಬೇಗ?" ಅಂದಳು. "ಗೇಟ್ ಪಾಸ್ ಸಿಕ್ತು" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು, ಒಟ್ಟಿಗೆ, ಇಪ್ಪತ್ತೆಂಟು ದಿನದ ಮೇಲೆ.

ಏಪ್ರಿಲ್ 22, ಬುಧವಾರ

ಇಲಾಖೆಯ ಜಗಲಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ಪಕ್ಕ ಅಮ್ಮ, ತೊಡೆಯ ಮೇಲೆ ತಂಗಿಯ ಅಂಗಿಯ ಗಂಟು. ಇನ್ನೊಂದು ಪಕ್ಕ ಛತ್ರಿ. ಎದುರಿನ ಬೆಂಚಿನಲ್ಲಿ ಆಫೀಸ್ ಮೇಡಂ, ಅವರ ವಕೀಲರು, ಮಾರ್ಚ್ ತಿಂಗಳ ಫೇರ್ ಪುಸ್ತಕ. ಗೆರೆಗಳು ನೆಟ್ಟಗಿರುವ ಪುಸ್ತಕ. ನನ್ನ ಮುಕ್ಕಾದ ಸ್ಕೇಲನ್ನೂ ತಂದಿದ್ದೇನೆ. ಶನಿವಾರವೇ ಮನೆಗೆ ತಂದಿದ್ದೆ, ಯಾಕೆಂದು ಆಗ ಗೊತ್ತಿರಲಿಲ್ಲ.

ಏಪ್ರಿಲ್ 4ರಿಂದ ಓದಿದೆ. ಏನನ್ನೂ ಹೊಡೆದುಹಾಕಿಲ್ಲ. ಏಳನೇ ತಾರೀಖು ಹಾಗೇ ಇದೆ. ಚೆಕರ್ ತಪ್ಪನ್ನು ಅಳಿಸುವುದಿಲ್ಲ, ಗುರುತು ಮಾಡುತ್ತಾಳೆ.

ಈಗ ಮೆಟ್ಟಿಲ ಕಡೆ ಸದ್ದಾಯಿತು. ಗುಂಡಿ ಅಕ್ಕ ಬರುತ್ತಿದ್ದಾಳೆ. ಕೆಲಸದ ದಿನ, ಕೆಲಸದ ಹೊತ್ತು. ಫ್ಯಾಕ್ಟರಿಯ ಟೋಪಿ ತೆಗೆಯಲೂ ಮರೆತು ಬಂದಿದ್ದಾಳೆ. ಹಿಂದೆ ಇನ್ನೂ ಇಬ್ಬರು. ಹನ್ನೆರಡು ಜನರಲ್ಲಿ ಮೂವರು. ಮೂವರ ಕೊರಳಲ್ಲೂ ಆ ಅರಿಶಿನ ಚೀಲ. ಮೇಡಂ ಎದ್ದು ನಿಂತರು. ಗುಂಡಿ ಅಕ್ಕ ಅವರ ಕಡೆ ನೋಡದೆ ನನ್ನ ಮುಂದೆ ಬಂದು, "ಸಹಿ ಬಿಚ್ಚೋಕೆ ಆಗುತ್ತಾ ಕೇಳೋಣ ಅಂತ ಬಂದ್ವಿ. ಹೊಲಿಗೆ ಬಿಚ್ಚಲ್ವಾ ನಾವು, ಹಾಗೆ" ಅಂದಳು. ಅಮ್ಮ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.

ಒಳಗಿನಿಂದ ಕರೆಯುತ್ತಿದ್ದಾರೆ. "ಮೂವತ್ನಾಲ್ಕನೇ ಮೆಷಿನ್ ಕಡೆಯೋರು ಯಾರು?"

ಪುಸ್ತಕ ಇನ್ನು ನನ್ನದಲ್ಲ. ಇದನ್ನು ಯಾರು ಓದುತ್ತೀರೋ ಗೊತ್ತಿಲ್ಲ. ದಯವಿಟ್ಟು ಮೊದಲು ಆ ಕಡೆಯಿಂದ ತೆರೆಯಿರಿ, ಎರಡನೇ ಹಾಳೆ. ಅದು ಅವಳು ಇದ್ದದ್ದು. ಈ ಕಡೆಯದನ್ನು ಆಮೇಲೆ ಓದಿದರೂ ಆಗುತ್ತದೆ.